ಸೋಮವಾರದಿಂದ ಹೆಸರು ಬರುವುದಿಲ್ಲ

ಅಪ್ಪನಿಗೆ ನಮಸ್ಕಾರ.

ಹನ್ನೊಂದು ವರ್ಷದ ಹಿಂದೆ ನೀವು "ಸೀರಿಯಲ್ ಮಾಡೋದೂ ಒಂದು ಕೆಲಸಾನಾ?" ಅಂದಿರಿ, ನಾನು ಮನೆ ಬಿಟ್ಟೆ. ಆಮೇಲೆ ಇಬ್ಬರೂ ಪಟ್ಟು ಸಡಿಲಿಸಲಿಲ್ಲ. ಮೊನ್ನೆ ಅಕ್ಕ ಫೋನಿನಲ್ಲಿ, "ಅಪ್ಪ ದಿನಾ ಏಳೂವರೆಗೆ ಟಿವಿ ಹಾಕ್ತಾರೆ ಕಣೆ. ಕಾರ್ಯಕಾರಿ ನಿರ್ಮಾಪಕಿ ಅಂತ ನಿನ್ನ ಹೆಸರು ಬಂದು ಹೋದ್ಮೇಲೆ ಆರಿಸಿಬಿಡ್ತಾರೆ," ಅಂದಳು. ಅದಕ್ಕೇ ಬರೆಯುತ್ತಿದ್ದೇನೆ.

ಸೋಮವಾರದಿಂದ ಆ ಹೆಸರು ಬರುವುದಿಲ್ಲ. ಗಾಬರಿಯಾಗಬೇಡಿ, ಆರೋಗ್ಯವಾಗಿದ್ದೇನೆ. ನಮ್ಮ ಧಾರಾವಾಹಿಯಲ್ಲಿ ಅಜ್ಜನ ಪಾತ್ರ ಮಾಡುವವರಿಗೆ ಈಚೆಗೆ ಸಂಭಾಷಣೆ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಅವರ ಕುರ್ಚಿಯ ಹಿಂದೆ ಕೂತು ನಾನೇ ಒಂದೊಂದು ಸಾಲು ಹೇಳಿಕೊಡುತ್ತಿದ್ದೆ. ಶೂಟಿಂಗ್ ತಡವಾಗುತ್ತಿದೆ, ಕಥೆಯಲ್ಲಿ ಅಜ್ಜನನ್ನು ಸಾಯಿಸಿಬಿಡಿ ಅಂತ ಚಾನೆಲ್‌ನವರು ಹೇಳಿದರು. ನಾನು ಒಪ್ಪಲಿಲ್ಲ. ನನ್ನನ್ನು ತೆಗೆದರು, ಆಮೇಲೆ ಅಜ್ಜನನ್ನೂ.

ಇದಾಗಿ ಹತ್ತು ದಿನವಾಯಿತು. ಸಂಚಿಕೆಗಳನ್ನು ಎರಡು ವಾರ ಮುಂಚೆಯೇ ಚಿತ್ರೀಕರಿಸಿ ಇಟ್ಟಿರುತ್ತೇವೆ. ಹಾಗಾಗಿ ನೀವು ನನ್ನ ಹೆಸರು ನೋಡುತ್ತಿದ್ದ ಈ ಸಂಜೆಗಳಲ್ಲಿ, ನಾನೂ ಕೆಲಸವಿಲ್ಲದೆ ಕೋಣೆಯಲ್ಲಿ ಕೂತು ಅದನ್ನೇ ನೋಡುತ್ತಿದ್ದೆ.

ಶುಕ್ರವಾರದ್ದು ನನ್ನ ಕೊನೆಯ ಸಂಚಿಕೆ. ಅದೊಂದನ್ನು ದಯವಿಟ್ಟು ಪೂರ್ತಿ ನೋಡಿ. ಅಜ್ಜ ಕಿಟಕಿಯ ಬಳಿ ಕೂತು ಮೊಮ್ಮಗಳ ಜೊತೆ ಮಾತಾಡುತ್ತಾರೆ, ಒಂದು ಸಾಲೂ ತಪ್ಪದೆ. ಕುರ್ಚಿಯ ಹಿಂದೆ ನಾನಿದ್ದೇನೆ, ಕಾಣಿಸುವುದಿಲ್ಲ.

ಸೋಮವಾರ ಏಳೂವರೆಗೆ ಬೆಲ್ ಆದರೆ, ಅಕ್ಕನನ್ನು ಕಳಿಸಬೇಡಿ. ನೀವೇ ಬಂದು ಬಾಗಿಲು ತೆಗೆಯಿರಿ.

ಇಂತಿ,
ನಿಮ್ಮ ಕಿರಿಮಗಳು