ನನ್ನ ನಂಬರಿಗೆ ಬಿದ್ದ ಸಿಂಗಾಪುರ

ಡಿಸೆಂಬರ್ 3, ಮಂಗಳವಾರ

ಲಕ್ಷ್ಮಮ್ಮ ಆಂಟಿಯ ವಿಮಾನದ ಪಾಯಿಂಟ್ಸ್ ಬೆಳಿಗ್ಗೆಯಿಂದ ನನ್ನನ್ನು ಕಾಡಿದವು. ಸುಬ್ರಹ್ಮಣ್ಯಪುರದ ಈ ಆಂಟಿ ನಮ್ಮ ಟ್ರಾವೆಲ್ಸಿನ ಗಿರಾಕಿ. ಓಟಿಪಿ ಕಾಟ ಬೇಡ ಅಂದರೆಂದು ಅವರ ಏರ್‌ಲೈನ್ಸ್ ಮೆಂಬರ್‌ಶಿಪ್ಪಿಗೆ ನನ್ನ ಮೊಬೈಲ್ ನಂಬರನ್ನೇ ಕೊಟ್ಟಿದ್ದೆ. ಇದುವರೆಗೆ ವಿಮಾನವನ್ನೇ ಹತ್ತದ ನಾನೂ ಸುಮ್ಮನೆ ಇನ್ನೊಂದು ಕಂಪನಿಯಲ್ಲಿ ಖಾತೆ ತೆರೆದಿದ್ದೆ. ಈಗ ಎರಡೂ ಕಂಪನಿ ಒಂದಾಗಿವೆ. ನಂಬರ್ ಒಂದೇ ಆದ್ದರಿಂದ, ತಮ್ಮ ತಂಗಿಯ ಜೊತೆ ಪುಕ್ಕಟೆ ಟಿಕೆಟ್ಟಿನಲ್ಲಿ ಸಿಂಗಾಪುರ ನೋಡಲೆಂದು ಆಂಟಿ ನಾಲ್ಕು ವರ್ಷ ವಿಮಾನ ಹತ್ತಿಳಿದು ಕೂಡಿಟ್ಟ ಪಾಯಿಂಟ್ಸೆಲ್ಲ ನನ್ನ ಖಾತೆಗೆ ಬಂದು ಬಿದ್ದಿವೆ.

"ಬಾಯಿ ಮುಚ್ಕೊಂಡಿರು ಮಗಾ, ಗೋವಾಗೆ ಹೋಗ್ಬರೋಣ," ಅಂದ ಆಫೀಸಿನಲ್ಲಿ ಪಕ್ಕದ ಟೇಬಲ್ಲಿನ ಮೋಹಿತ್. ಒಂದು ನಿಮಿಷ ಆಸೆಯಾದದ್ದು ನಿಜ.

ಮಧ್ಯಾಹ್ನ ಅವರ ಮನೆಗೇ ಹೋಗಿ ಹೇಳಿಬಿಟ್ಟೆ. ಆಂಟಿ ಅವರೆಕಾಯಿ ಸುಲಿಯುತ್ತಿದ್ದರು.

"ಹಂಗಾದ್ರೆ ನನ್ ಸಿಂಗಾಪುರ ನಿನ್ ಹೊಟ್ಟೇಲಿದೆ. ಕಕ್ಕಪ್ಪ."

ನನ್ನ ಖಾತೆಯಿಂದಲೇ ಅವರಿಬ್ಬರಿಗೂ ಟಿಕೆಟ್ ತೆಗೆಯಬಹುದು ಅಂದೆ. ಹಳೆಯ ಕಂಪನಿಯ ಜೊತೆ ಒಪ್ಪಂದವಿದ್ದ ವಿಮಾನ ಇನ್ನು ಸಿಗುವುದಿಲ್ಲ, ಆದರೆ ಹೊಸ ಕಂಪನಿ ವಿಮಾನ ಕಂಪನಿಗಳ ದೊಡ್ಡ ಒಕ್ಕೂಟದಲ್ಲಿದೆ, ಬೇರೆ ಹತ್ತಾರು ಕಂಪನಿಗಳ ವಿಮಾನಗಳಲ್ಲಿ ಈ ಪಾಯಿಂಟ್ಸ್ ನಡೆಯುತ್ತವೆ ಎಂದೂ ಹೇಳಿದೆ.

"ಕಂಪ್ನಿಗಳ ಮದ್ವೆ ಆದ್ಮೇಲೆ ಬೀಗ್ರು ಜಾಸ್ತಿ ಆದ್ರು ಅನ್ನು," ಅಂದರು.

ಅಲ್ಲೇ ಕೂತು ಟಿಕೆಟ್ ತೆಗೆದೆ. ಅಕ್ಕತಂಗಿಯರು ಫೋನಿನಲ್ಲೇ ಕಿಟಕಿ ಸೀಟಿಗೆ ಜಗಳ ಶುರು ಮಾಡಿದರು. ಗಾಡಿ ಓಡಿಸುತ್ತಾ ದಾರಿಯುದ್ದಕ್ಕೂ ನಗುತ್ತಲೇ ಬಂದೆ.

ಆದರೆ ಬೇರೆ ಬೇರೆ ಕಂಪನಿಗಳಲ್ಲಿ ಇನ್ನೂ ಆರು ಗಿರಾಕಿಗಳಿಗೆ ನನ್ನ ನಂಬರೇ ಇದೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಕೆಲಸ ಕೊಟ್ಟವರು ಓನರ್ ಶಶಿಧರ್ ಸಾರ್. ನಾಳೆ ಅವರಿಗೂ ಹೇಳುತ್ತೇನೆ. ಅವರು ಬೈದು ಮುಗಿಸಿದ ಮೇಲೆ ನಂಬರ್ ಬದಲಿಸಲು ಆರು ಮನೆಗೂ ಹೋಗಬೇಕು. ಮೊದಲು ಯಾರ ಮನೆಗೆ...