ಕೆಂಪು ಬಣ್ಣದಲ್ಲಿ

ಮಾರ್ಚ್ 3, ಸೋಮವಾರ
ಇವತ್ತೂ ಅದೇ. ಹಳೇ ಹಿಂದಿ ಸಿನಿಮಾ ಪೋಸ್ಟರ್ ಸ್ಕ್ಯಾನ್ ಮಾಡು, ಮಡಿಕೆ ಅಳಿಸು, ಕಲೆ ಅಳಿಸು. ಆಮೇಲೆ ‘ಹಳೇ ಲುಕ್’ ಬೇಕೆಂದು ಕಂಪ್ಯೂಟರಿನಲ್ಲೇ ಬೇರೆ ಮಡಿಕೆ, ಬೇರೆ ಕಲೆ ಹಾಕು. ಥೂ. ಈ ವಾರದ ಆರ್ಡರ್ ಕಾಲೊರೆಸುವ ಮ್ಯಾಟ್. ನಾಯಕಿಯ ಮುಖ — ಒಂದು ಕೆನ್ನೆ ಗುಲಾಬಿ, ಇನ್ನೊಂದು ನೀಲಿ, ಯಾರೋ ಪುಣ್ಯಾತ್ಮ ಚಾಕುವಿನಲ್ಲಿ ಬಣ್ಣ ಮೆತ್ತಿ ಮಾಡಿದ್ದು. ಅದರ ಮೇಲೆ ಜನ ಒದ್ದೆ ಕಾಲು ಒರೆಸುತ್ತಾರೆ. ಬಾಸ್‌ಗೆ ಹೇಳಿದರೆ ನಗುತ್ತಾನೆ.

ಮಾರ್ಚ್ 4
ಹಳೇ ಪೋಸ್ಟರಿನ ಹೊಸ ಕಟ್ಟು ಬಂತು. ಮೂರನೆಯದನ್ನು ಬಿಡಿಸಿದೆ... ಕೈ ನಿಂತಿತು. ಖಳನ ಹಸಿರು ಮುಖ, ಕೆಳಗೆ ಉರಿಯುವ ಪುಟ್ಟ ಕಾರು. ಕಲ್ಲಿನಲ್ಲಿ ಕೆತ್ತಿದಂಥ ಅಕ್ಷರ. ಸಿನಿಮಾದ ಹೆಸರು ಎರಡು ಸಾಲು. ಅದರ ಕೆಳಗೆ, ಅಷ್ಟೇ ದಪ್ಪಕ್ಕೆ, ನೆರಳು ಸಮೇತ ಮೂರನೇ ಸಾಲು: ‘ಲಾಲ್ ರಂಗ್ ಮೇ’. ಕೆಂಪು ಬಣ್ಣದಲ್ಲಿ.

ಅಪ್ಪನದು.

ಪೋಸ್ಟರ್ ಬರೆಯುತ್ತಿದ್ದ ಕಾಲದಲ್ಲಿ ಅಪ್ಪನಿಗೆ ಹಿಂದಿ ಓದಲು ಬರುತ್ತಿರಲಿಲ್ಲ. ಅಕ್ಷರವೆಂದರೆ ಅವನಿಗೆ ಮೂಗು, ಕಿವಿ ಇದ್ದ ಹಾಗೆ — ನೋಡಿ ಬರೆಯುವುದು. ಹೆಸರಿನ ಚೀಟಿಯ ಕೊನೆಗೆ ಯಾರೋ ಬಣ್ಣದ ಸೂಚನೆ ಗೀಚಿದ್ದರು. ಅದನ್ನೂ ಬರೆದ. ನೀಟಾಗಿ. ಅದೂ ಹಳದಿಯಲ್ಲಿ! ಅಚ್ಚಾಗಿ ಊರ ಗೋಡೆಗಳನ್ನೆಲ್ಲ ಹತ್ತಿದ ಮೇಲೆ ಗೊತ್ತಾಯಿತು. ಕೆಲಸ ಹೋಯಿತು. ಹೆಸರೂ ಹೋಯಿತು: ಬೀದಿಗೆಲ್ಲ ಅವನು ‘ಲಾಲ್‌ರಂಗ್’, ನಾನು ‘ಲಾಲ್‌ರಂಗ್ ಮಗಳು’. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅನ್ನುತ್ತಿದ್ದಳು ಅಮ್ಮ. ಅವನು ಮತ್ತೆ ಬ್ರಷ್ ಹಿಡಿಯಲಿಲ್ಲ.

ಮಾರ್ಚ್ 5
ಆ ಸಾಲು ಅಳಿಸಲು ಮೌಸ್ ಹಿಡಿದಿದ್ದೆ. ಬಾಸ್ ಹಿಂದಿನಿಂದ ಓದಿಬಿಟ್ಟ. ಹೊಟ್ಟೆ ಹಿಡಿದುಕೊಂಡು ನಕ್ಕ. ಅಳಿಸಬೇಡ, ಇದನ್ನೇ ಮಾರೋಣ, ಉಳಿದ ಪೋಸ್ಟರಿಗೂ ಇಂಥದೊಂದೊಂದು ತಪ್ಪು ಹಾಕು ಎಂದ. ನನ್ನ ಬಾಯಿ ಸುಮ್ಮನಿರಬೇಕಲ್ಲ... ಇದು ನಮ್ಮಪ್ಪನ ಕೈ ಅಂದುಬಿಟ್ಟೆ.

“ಇದಾರಾ ಇನ್ನೂ? ಕರ್ಕೊಂಡು ಬಾ. ಎಕ್ಸಿಬಿಷನ್‌ನಲ್ಲಿ ಜನರ ಮುಂದೆ ಕೂತು ಬರೀಲಿ. ಅದೇ ತಪ್ಪು.”

ಮುಖಕ್ಕೆ ಉಗಿಯಬೇಕಿತ್ತು. ಕೇಳಿ ನೋಡ್ತೀನಿ ಸಾರ್ ಅಂದೆ. ಅಸಹ್ಯ — ಅವನ ಮೇಲಲ್ಲ.

ಮಾರ್ಚ್ 15, ಬೆಳಿಗ್ಗೆ
ಹತ್ತು ದಿನ ನುಂಗಿಕೊಂಡಿದ್ದೆ. ಎಕ್ಸಿಬಿಷನ್ ನಾಳೆ. ಬಾಸ್ ದಿನಾ ಪೀಡಿಸುತ್ತಿದ್ದಾನೆ. ಇವತ್ತು ಕೇಳಿದೆ.

ಅಪ್ಪ ಶೇವ್ ಮಾಡಿಕೊಳ್ಳುತ್ತಿದ್ದ. ಫೋನಿನಲ್ಲಿ ಫೋಟೊ ತೋರಿಸಿದೆ. ಸೋಪು ಒಣಗುವವರೆಗೂ ನೋಡಿದ. ಖಳನ ಕೆನ್ನೆಗೆ ಹಸಿರು ಜಾಸ್ತಿಯಾಯಿತು ಎಂದ, ಅಷ್ಟೇ. ಆಮೇಲೆ ಟ್ರಂಕಿನಿಂದ ಒಂದು ನೋಟ್‌ಬುಕ್ ತೆಗೆದುಕೊಟ್ಟ. ಪುಟದ ತುಂಬ ಹಿಂದಿ ಅಕ್ಷರ, ಕಾಗುಣಿತ. ಕೆಲಸ ಹೋದ ಮರುದಿನವೇ ಶುರು ಮಾಡಿದ್ದನಂತೆ. ಅಮ್ಮನಿಗೂ ಹೇಳಿರಲಿಲ್ಲವಂತೆ.

“ಈಗ ಓದೋಕೆ ಬರುತ್ತಮ್ಮ. ಗೊತ್ತಿದ್ದೂ ಬರೆದ್ರೆ ಅದು ತಪ್ಪಲ್ಲ, ಕೋತಿಯಾಟ.” ಮುಖ ಒರೆಸಿಕೊಂಡ. “ನಿನ್ನ ಕೆಲಸಕ್ಕೆ ಬೇಕು ಅಂದ್ರೆ ಬರೀತೀನಿ.”

ಬೇಡ ಅನ್ನಲು ಒಂದು ಉಸಿರು ಸಾಕಿತ್ತು. ಅವನ ಅಂಗಿ ಇಸ್ತ್ರಿ ಮಾಡಿಟ್ಟೆ.

ಮಾರ್ಚ್ 16
ಕುರ್ಚಿ, ಲೈಟು, ಕ್ಯಾಮೆರಾ. ಅಪ್ಪ ಬ್ರಷ್ ಹಿಡಿದ. ಹೆಸರಿನ ಎರಡು ಸಾಲು ಬರೆದ — ಈ ಸಲ ಆ ಹಳೇ ಚೀಟಿಯಲ್ಲಿ ಹೇಳಿದ್ದ ಹಾಗೆ ಕೆಂಪಿನಲ್ಲೇ. ಎಷ್ಟು ಚಂದ! ಬ್ರಷ್ ಕೆಳಗಿಟ್ಟ. ಬಾಸ್ ನನ್ನನ್ನೇ ನೋಡಿದ. ಎಲ್ಲರೂ ಕಾಯುತ್ತಿದ್ದರು.

ಅಪ್ಪನೂ ತಿರುಗಿ ನೋಡಿದ.

“ಬರೀಲೇನಮ್ಮ?”

ತಲೆಯಾಡಿಸಿದೆ. ಹೂಂ ಅಂತ. ಅವನು ಹಳದಿ ಡಬ್ಬಿ ತೆಗೆದ. ಮೂರನೇ ಸಾಲು ಮುಗಿಯುವಷ್ಟರಲ್ಲಿ ಓದಲು ಬರುವವರೆಲ್ಲ ನಕ್ಕರು. ಬಾಸ್ ನಕ್ಕ. ನಾನೂ —