ಮನುಷ್ಯರಿಲ್ಲದ ಹನ್ನೊಂದು ಫೋಟೋ

ಹಲಸೂರು
೧೪ ಸೆಪ್ಟೆಂಬರ್ ೨೦೨೪

ಪ್ರೀತಿಯ ಮಗಳು ಫಾಯಿಜಾಗೆ,

ನಿನ್ನ ಕೆಂಪು ಚಾಚಾನ ಆಶೀರ್ವಾದಗಳು. ನಾವಿಲ್ಲಿ ಇದ್ದೇವೆ. ಕ್ಷೇಮ ಎಂದು ಬರೆಯಲು ಕೈ ಏಳುತ್ತಿಲ್ಲ, ಅದಕ್ಕೇ ಇದ್ದೇವೆ ಎಂದು ಬರೆದೆ. ನಿನ್ನ ಮೂರು ಮೆಸೇಜಿಗೂ ಉತ್ತರ ಕೊಡದೆ ಮೂರು ತಿಂಗಳು ತಳ್ಳಿದ್ದಕ್ಕೆ ಮೊದಲು ಕ್ಷಮಿಸು. ಹಲಸೂರಿನಿಂದ ಕುಕ್ ಟೌನಿಗೆ ಆಟೋದಲ್ಲಿ ಕಾಲು ಗಂಟೆ. ಅಷ್ಟಕ್ಕೆ ಅಂಚೆ ಚೀಟಿ ಅಂಟಿಸುವ ಮುದುಕನನ್ನು ನೋಡಿ ನಗು ಬಂದರೆ ನಕ್ಕುಬಿಡು. ಎರಡು ಸಲ ನಿಮ್ಮ ಗೇಟಿನವರೆಗೂ ಬಂದಿದ್ದೆ. ಒಂದು ಸಲ ನಿನ್ನ ಅಮ್ಮಿ, ಜಹನಾರಾ ಭಾಭಿ, ಒಳಗೆ ಬಟ್ಟೆ ಒಣಹಾಕುತ್ತಿದ್ದದ್ದು ಕಾಣಿಸಿತು, ಹಾಗೇ ತಿರುಗಿ ಬಂದೆ. ಎದುರು ಕೂತು ಹೇಳುವ ಧೈರ್ಯ ನನಗಿಲ್ಲ. ನೀನು ಕನ್ನಡ ಟೀಚರು, ತಪ್ಪು ಕಂಡಲ್ಲಿ ಕೆಂಪು ಶಾಯಿ ಎಳೆದುಕೋ, ಆದರೆ ಕೊನೆಯವರೆಗೂ ಓದು.

ಸುಕನ್ಯ ಚಾಚಿಯ ಮಂಡಿನೋವು ಹಾಗೇ ಇದೆ. ಸ್ಟುಡಿಯೋ ತೆಗೆದಿದ್ದೇನೆ. ನಾನೂ ನಿನ್ನ ಅಬ್ಬಾನೂ ಮೂವತ್ತೆರಡು ವರ್ಷ ಜೊತೆಯಲ್ಲಿ ನಡೆಸಿದ ಅಂಗಡಿ, ಮುಚ್ಚಿದರೆ ಮನೆಯಲ್ಲಿ ಕೂತು ಏನು ಮಾಡಲಿ. ಆದರೆ ನಮ್ಮ ಮುತ್ತುರಾಜ್‌ಗೆ ನನ್ನ ಮೇಲೆ ಸಿಟ್ಟು. ಗಿರಾಕಿ ಕೂರುವ ಸ್ಟೂಲನ್ನು ನಾನು ಹಿಂದಿನ ಪರದೆಗೆ, ಗೋಡೆಗೆ ಒತ್ತಿ ಇಟ್ಟಿದ್ದೇನೆ. ಅಷ್ಟು ಹತ್ತಿರ ಕೂರಿಸಿದರೆ ತಲೆಯ ನೆರಳು ಪರದೆಯ ಮೇಲೆ ಬೀಳುತ್ತದೆ, ವೀಸಾ ಫೋಟೋಗಳು ವಾಪಸ್ ಬರುತ್ತಿವೆ. ಇಪ್ಪತ್ತು ವರ್ಷದಿಂದ ಕೆಲಸ ಮಾಡುವವನು, ಅವನಿಗೆ ಗೊತ್ತಾಗುವುದಿಲ್ಲವೇ. ನಿನ್ನೆಯೂ ಸ್ಟೂಲನ್ನು ನಾಲ್ಕು ಅಡಿ ಮುಂದಕ್ಕೆ ಎಳೆದ, ಅವನು ಊಟಕ್ಕೆ ಹೋದಾಗ ನಾನು ಮತ್ತೆ ಹಿಂದಕ್ಕೆ ತಳ್ಳಿದೆ. ಅಣ್ಣನಿಗೆ ತಲೆ ಕೆಟ್ಟಿದೆ ಎಂದು ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಹೇಳಿದನಂತೆ.

ನೀನು ಕೇಳಿದ್ದು ಎರಡೇ. ಮೊದಲನೆಯದು: "ಮನೆ ಬಾಲ್ಕನಿ ಕಂಬಿ ಹತ್ರಾನೂ ನಿಲ್ದೇ ಇರೋ ಅಬ್ಬಾ, ಆ ಬೆಟ್ಟದ ತುದಿಗೆ ಯಾಕ್ ಹೋದ್ರು ಚಾಚಾ?" ಎರಡನೆಯದು, ಅಬ್ಬಾನ ಕೊನೆಯ ಫೋಟೋ ಇದ್ದರೆ ಕಳಿಸಿ ಅಂತ. ಅಲ್ಲಿಂದ ಅವನ ಪೆಟ್ಟಿಗೆ ಬಂದ ದಿನ ಮುಚ್ಚಳ ತೆಗೆಯುವುದು ಬೇಡ ಎಂದರು, ನಿನಗೆ ಮುಖವೂ ಸಿಗಲಿಲ್ಲ. ನನ್ನ ಕ್ಯಾಮೆರಾದ ಕಾರ್ಡು ಅಲ್ಲಿನ ಮಳೆಗೆ ನೆನೆದು ಕೆಟ್ಟುಹೋಯಿತು ಎಂದು ನಿಮಗೆಲ್ಲ ಹೇಳಿದ್ದೆ.

ಮಣ್ಣಾದ ಮೂರನೆಯ ದಿನ, ಜಿಯಾರತ್‌ಗೆ, ನಿಮ್ಮ ಮನೆ ಹಾಲ್‌ನಲ್ಲಿ ಎಲ್ಲರ ನಡುವೆ ನಿನ್ನ ತಮ್ಮ ರಯಾನ್ ಹೇಳಿದ್ದು ಕಿವಿಯಲ್ಲೇ ಇದೆ. "ಅಬ್ಬಾದು ಹಠ. ಒಂದು ಫೋಟೋಗೋಸ್ಕರ ನಮ್ಮನ್ನೆಲ್ಲ ಬಿಟ್ಟು ತುದೀಗೆ ಹೋದ್ರು." ಭಾಭಿ ಇಲ್ಲ ಎನ್ನಲಿಲ್ಲ, ಮನೆಯ ನೆನಪಾಗಿದ್ದರೆ ಅಷ್ಟು ದೂರ ಹೋಗುತ್ತಿರಲಿಲ್ಲ ಎಂದು ಅತ್ತರು. ನೀನೊಬ್ಬಳೇ ತಲೆ ಅಲ್ಲಾಡಿಸಿದ್ದು. ನಾನು ಟೀ ಕಪ್ಪು ಹಿಡಿದುಕೊಂಡು ನೆಲ ನೋಡುತ್ತಾ ಕೂತಿದ್ದೆ.

ಅಲ್ಲಿಯ ಕತೆ ನಿನಗೆ ಯಾರೂ ಸರಿಯಾಗಿ ಹೇಳಿಲ್ಲ, ಹೇಳುತ್ತೇನೆ. ಫ್ಯಾರೋ ದ್ವೀಪಗಳೆಂದರೆ ಸ್ಕಾಟ್ಲೆಂಡಿಗಿಂತ ಮೇಲೆ, ನಡು ಸಮುದ್ರದಲ್ಲಿ ಹದಿನೆಂಟು ತುಂಡು ನೆಲ. ಮರ ಎನ್ನುವುದೇ ಅಪರೂಪ. ಮನೆ ಚಾವಣಿಯ ಮೇಲೆ ಹುಲ್ಲು, ಎಲ್ಲಿ ನೋಡಿದರೂ ಕುರಿ. ಗಾಳಿ ಎಂಥದೆಂದರೆ ಕಾರಿನ ಬಾಗಿಲನ್ನು ಎರಡು ಕೈಯಲ್ಲಿ ಹಿಡಿದು ತೆಗೆಯಬೇಕು. ಪಕ್ಕದಲ್ಲಿ ನಿಂತವನು ಕೂಗಿದರೂ ಕೇಳಿಸುವುದಿಲ್ಲ. ಬೆಂಗಳೂರಿಂದ ಹೋದ ಎಂಟು ಜನ ಫೋಟೋಗ್ರಾಫರುಗಳಲ್ಲಿ ನಾವಿಬ್ಬರೇ ಅರವತ್ತರ ಹತ್ತಿರದವರು. ಮಿಕ್ಕವರು ನಮ್ಮನ್ನು ಮಾವಂದಿರು ಎಂದು ಕರೆಯುತ್ತಿದ್ದರು.

ಅಲ್ಲಿಗೆ ಹೋಗುವುದು ನಿನ್ನ ಅಬ್ಬಾನ ಹತ್ತು ವರ್ಷದ ಆಸೆ. "ಮುಖಗಳು ಸಾಕಾಯ್ತು ಕೆಂಪು. ಸಾಯೋ ಮುಂಚೆ ಮುಖಾನೇ ಇಲ್ದಿರೋ ಫೋಟೋ ತೆಗೀಬೇಕು. ಬೆಟ್ಟಕ್ಕೆ ನಗು ಅನ್ಬೇಕಾಗಿಲ್ಲ, ಕಣ್ಣು ಮುಚ್ಕೊಳಲ್ಲ," ಅನ್ನುತ್ತಿದ್ದ. ಅಲ್ಲಿ ಅವನು ಸ್ಟ್ಯಾಂಡಿಗೆ ಭಾರಕ್ಕೆಂದು ಬ್ಯಾಗು ತೂಗುಹಾಕಿ, ಮಂಕಿ ಕ್ಯಾಪು ಎಳೆದುಕೊಂಡು, ಮೋಡ ಸರಿಯಲಿ ಎಂದು ಮೂರು ಮೂರು ಗಂಟೆ ನೆಲದ ಮೇಲೆ ಕೂರುತ್ತಿದ್ದ. ಆರು ದಿನಕ್ಕೆ ಅವನು ತೆಗೆದದ್ದು ಹನ್ನೊಂದು ಫೋಟೋ. ನಾನು ಎಂಟುನೂರು ತೆಗೆದೆ, ಮನೆಗೆ ತರುವಂಥದ್ದು ಒಂದೂ ಇರಲಿಲ್ಲ. ಅವನನ್ನು ಅಷ್ಟು ಸಂತೋಷವಾಗಿ ನಾನು ನೋಡಿದ್ದು ನೀನು ಹುಟ್ಟಿದಾಗ ಒಮ್ಮೆ, ಅಲ್ಲಿ ಒಮ್ಮೆ.

ತುದಿಯ ಹತ್ತಿರ ಮಾತ್ರ ಅವನು ಸುಳಿಯುತ್ತಿರಲಿಲ್ಲ, ಮಗಳೇ. ತಂತಿ ಬೇಲಿಯ ಈಚೆಗೆ ಇರಿ ಎಂದು ಗೈಡ್ ಹೇಳಿದರೆ ಬೇಲಿಯಿಂದ ಇಪ್ಪತ್ತು ಹೆಜ್ಜೆ ಈಚೆಗೆ ಕೂತು, ಒಂದು ಕೈ ಹುಲ್ಲಿನ ಮೇಲೆ ಊರಿರುತ್ತಿದ್ದ. ಹುಡುಗರು ರೇಗಿಸಿದರೆ ತಾನೂ ನಗುತ್ತಿದ್ದ.

ನಮ್ಮಿಬ್ಬರ ಜಗಳ ಬೇರೆ. ನಾನು ಮುಖದ ಫೋಟೋದವನು, ಮನುಷ್ಯನಿಲ್ಲದ ಚಿತ್ರ ನನ್ನ ಕಣ್ಣಿಗೆ ಹಿಡಿಯುವುದಿಲ್ಲ. ತಾರೀಖಿಲ್ಲದ ಕ್ಯಾಲೆಂಡರ್ ಎಂದು ಅವನ ಚಿತ್ರಗಳನ್ನು ಆಡಿಕೊಳ್ಳುತ್ತಿದ್ದೆ. ಒಂದು ಆಳು ನಿಂತರಲ್ಲವೇ ಬೆಟ್ಟ ಎಷ್ಟು ಎತ್ತರ ಎಂದು ಗೊತ್ತಾಗುವುದು ಎಂದು ದಿನವೂ ಪೀಡಿಸುತ್ತಿದ್ದೆ. ನಿನಗೆ ನೆನಪಿರಬೇಕು, ಸ್ಟುಡಿಯೋ ಮೇಜಿನ ಮೇಲೆ ಹೋಮ್‌ವರ್ಕ್ ಮಾಡುತ್ತಾ ನೋಡಿದ್ದೀಯ: ಗಿರಾಕಿ ಬರುವ ಮೊದಲು ಲೈಟು ಸರಿಮಾಡಲು ಯಾವಾಗಲೂ ಅವನು ಪರದೆ ಮುಂದೆ ನಿಲ್ಲುವುದು, ನಾನು ಕ್ಯಾಮೆರಾದಲ್ಲಿ ನೋಡುವುದು. ಮದುಮಗಳ ಜಾಗದಲ್ಲಿ ಅವನು ಸೆರಗು ಹೊದ್ದು ನಿಂತಿದ್ದಕ್ಕೆ ನೀನು ಪೆನ್ಸಿಲ್ ಬೀಳಿಸಿ ನಕ್ಕಿದ್ದೆ.

ಆರನೆಯ ದಿನ ಮಧ್ಯಾಹ್ನ ಮಿಕ್ಕವರು ಗೈಡ್ ಜೊತೆ ಕಾಫಿಗೆ ಕೆಳಗಿನ ಹಳ್ಳಿಗೆ ಇಳಿದರು. ನಾವಿಬ್ಬರೇ ಮೇಲೆ ಉಳಿದೆವು. ಮಳೆ ನಿಂತು ಹುಲ್ಲು ಒದ್ದೆಯಾಗಿತ್ತು. ನಿನ್ನ ಅಬ್ಬಾ ತನ್ನ ಕ್ಯಾಮೆರಾವನ್ನು ನನ್ನ ಪಕ್ಕದಲ್ಲೇ ಸ್ಟ್ಯಾಂಡಿನ ಮೇಲೆ ಬಿಟ್ಟು ಬೇಲಿ ದಾಟಿ ಮುಂದೆ ಹೋದ. ದೊಡ್ಡ ಗಾಳಿ ಬಂತು. ನಾನು ತಲೆ ಎತ್ತಿ ನೋಡಿದಾಗ ಹುಲ್ಲು ಮಾತ್ರ ಇತ್ತು. ಮರುದಿನ ದೋಣಿಯವರು ಕೆಳಗೆ ಹುಡುಕಿ ತಂದರು. ಅಲ್ಲಿನ ಪೊಲೀಸರಿಗೂ, ಟೂರಿನವರಿಗೂ, ರಯಾನ್‌ಗೂ ಇಷ್ಟೇ ಹೇಳಿದ್ದೇನೆ.

ಅವನ ಹನ್ನೊಂದು ಫೋಟೋಗಳನ್ನೂ ನಾನೇ ಪ್ರಿಂಟ್ ಹಾಕಿ ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಸಮುದ್ರದಿಂದ ಎದ್ದಿರುವ ಕಪ್ಪು ಬಂಡೆ, ಗಾಳಿಗೆ ಮೇಲಕ್ಕೆ ಹಾರುತ್ತಿರುವ ಜಲಪಾತ, ಒಂದೇ ಮನೆಯ ಊರು. ಎಲ್ಲೂ ಒಂದು ನರಪಿಳ್ಳೆ ಇಲ್ಲ. ಅವನು ಗೆದ್ದ, ಮಗಳೇ. ಈಗ ನೋಡಿದರೆ ಅವಕ್ಕೆ ಯಾರೂ ಬೇಕಾಗಿಲ್ಲ. ಒಂದನ್ನು ನಿನ್ನ ಕ್ಲಾಸಿನ ಗೋಡೆಗೆ ಹಾಕಿಕೋ, ಮಕ್ಕಳು ಕೇಳಿದರೆ ನಮ್ಮಪ್ಪ ತೆಗೆದದ್ದು ಎನ್ನು.

ಬಿಸಿಲಲ್ಲಿ ಕಮ್ಮನಹಳ್ಳಿವರೆಗೆ ನಡೆದು ಹೋಗಬೇಡ, ಬಸ್ಸು ಹಿಡಿ. ಭಾಭಿಗೆ ಬಿ.ಪಿ. ಮಾತ್ರೆ ತಪ್ಪಿಸಬೇಡ ಎಂದು ಹೇಳು. ನಿನ್ನ ಸ್ಕೂಲು, ನಿನ್ನ ಮನೆ, ನಿನಗೆ ಮಕ್ಕಳಾಗುವ ಕಾಲ, ಎಲ್ಲ ತಣ್ಣಗಿರಲಿ. ನಿನ್ನ ಅಬ್ಬಾ ಹರಸಬೇಕಿದ್ದದ್ದನ್ನೂ ಸೇರಿಸಿ ಹರಸುತ್ತೇನೆ.

ನಿನ್ನ
ಕೆಂಪರಾಜ್ ಚಾಚಾ

ಮರೆತು ಉಳಿದದ್ದಲ್ಲ, ಮೇಲೆ ಬರೆಯಲಾರದೆ ಬಿಟ್ಟದ್ದು:

ಕಾರ್ಡು ಕೆಟ್ಟಿಲ್ಲ. ಪ್ರಿಂಟುಗಳ ನಡುವೆ ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿದೆ.

ನಿನ್ನ ಅಬ್ಬಾ ತಾನಾಗಿ ಬೇಲಿ ದಾಟಲಿಲ್ಲ. ನಾನು ಕಳಿಸಿದೆ. ಒಂದೇ ಒಂದು ಫೋಟೋಗೆ ನಿಲ್ಲು, ಊರಿಗೆ ಹೋದಮೇಲೆ ಜಗಳ ಆಡಲ್ಲ ಎಂದು ಗೋಗರೆದೆ. "ಹೆದ್ರಿಕೆ ಆಗುತ್ತೆ ಕಣೋ," ಅಂದ. ನಾನು ನೋಡ್ಕೋತೀನಿ ಹೋಗು ಎಂದೆ. ಹೋಗಿ ನಿಂತ. ಮುಖ ತೆಗೆಯುವ ಉದ್ದ ಲೆನ್ಸನ್ನೇ ನಾನು ಹಾಕಿಕೊಂಡಿದ್ದೆ. ಅದರಲ್ಲಿ ದೂರದ್ದೂ ಹತ್ತಿರದ್ದೂ ಒಂದಕ್ಕೊಂದು ಅಂಟಿಕೊಂಡು ಕಾಣುತ್ತದೆ. ಅವನ ಬೆನ್ನ ಹಿಂದೆ ಹಸಿರು ಕಂಡಿತು, ಅದೂ ನೆಲವೇ ಎಂದುಕೊಂಡೆ. ಅದು ಕೆಳಗಿನ ಸಮುದ್ರದಾಚೆಯ ಇನ್ನೊಂದು ಬೆಟ್ಟದ ಹುಲ್ಲು. ಕಾಲು ಪೂರ್ತಿ ಬರಲಿ ಎಂದು, ಸ್ಟುಡಿಯೋದಲ್ಲಿ ದಿನಕ್ಕೆ ಹತ್ತು ಸಲ ಮಾಡುವ ಹಾಗೆ, ಕಣ್ಣು ಕ್ಯಾಮೆರಾದಿಂದ ತೆಗೆಯದೆ ಅಂಗೈ ತೋರಿಸಿ ಹಿಂದಕ್ಕೆ ಎಂದು ಸನ್ನೆ ಮಾಡಿದೆ. ಗಾಳಿಯಲ್ಲಿ ಮಾತು ಕೇಳುತ್ತಿರಲಿಲ್ಲ, ಕೈ ಸಾಕಾಯಿತು. ಒಂದು ಹೆಜ್ಜೆ ಹೋದ. ಫೋಟೋ ತೆಗೆದೆ. ಮತ್ತೆ ಕೈ ತೋರಿಸಿದೆ. ಮೂವತ್ತೆರಡು ವರ್ಷ ನಾನು ಹಿಂದೆ ಎಂದಾಗಲೆಲ್ಲ ಅವನು ತಿರುಗಿ ನೋಡದೆ ಹಿಂದೆ ಹೋಗಿದ್ದ, ಯಾಕೆಂದರೆ ಹಿಂದೆ ಯಾವಾಗಲೂ ನಮ್ಮ ಪರದೆ ಇರುತ್ತಿತ್ತು.

ಸ್ಟೂಲು ಗೋಡೆಗೆ ಒತ್ತಿ ಯಾಕಿದೆ ಎಂದು ಮುತ್ತುರಾಜ್‌ಗೆ ಹೇಳಲಾಗಲಿಲ್ಲ, ನಿನಗೆ ಹೇಳುತ್ತಿದ್ದೇನೆ.

ಇದನ್ನು ಭಾಭಿಗೂ ರಯಾನ್‌ಗೂ ಓದಿ ಹೇಳು. ಅಬ್ಬಾನನ್ನು ಬೈಯುವುದು ಬಿಡಲಿ, ನನ್ನನ್ನು ಬೈಯಲಿ. ಯಾರಿಗೆ ಏನು ಹೇಳಬೇಕೆಂದರೂ ಬಂದು ಹೇಳುತ್ತೇನೆ. ಫೋಟೋ ನೋಡುವುದೂ ಬಿಡುವುದೂ ನಿನ್ನಿಷ್ಟ. ಮುಖ ಸ್ಪಷ್ಟವಾಗಿ ಬಂದಿದೆ. ಕ್ಯಾಪಿನ ಮೇಲೆ ಕೈಯಿಟ್ಟು ನಗುತ್ತಿದ್ದಾನೆ. ಹಿಂದೆ ನೋಡುತ್ತಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದಾನೆ.